ಕಿವಿ ಮೇಸ್ತ್ರಿಯ ಜೇಬು

ಅಕ್ಕನ ಕಾರು ಅದೇ ದೂರು ಹೊತ್ತು ಮೂರನೇ ಸಲ ಗ್ಯಾರೇಜಿನ ಮುಂದೆ ಬಂದು ನಿಂತಾಗ ಹನ್ನೊಂದು ಗಂಟೆ. ಮೇಸ್ತ್ರಿ ಒಂದು ವ್ಯಾನಿನ ಕೆಳಗೆ ಅಂಗಾತ ಮಲಗಿದ್ದ. ಅಲ್ಲಿಂದ ಅವನಿಗೆ ಕಂಡದ್ದು ಕಾರಿನ ಚಕ್ರ ಮಾತ್ರ. ಅಷ್ಟಕ್ಕೇ ಯಾರದೆಂದು ಗೊತ್ತಾಯಿತು. ಮುಂದಿನ ಎಡಚಕ್ರದ ಮುಚ್ಚಳ ಅರ್ಧ ಒಡೆದ ಕಾರು ಊರಿಗೆಲ್ಲ ಅದೊಂದೇ.

ಅವನು ಜಾರಿಕೊಂಡು ಹೊರಗೆ ಬಂದು ಎದ್ದು ನಿಂತ. ಅಕ್ಕ ಎಂಜಿನ್ ನಿಲ್ಲಿಸಿರಲಿಲ್ಲ. ಇಳಿದು ಬಂದು ಎರಡೂ ಕೈ ಸೊಂಟದ ಮೇಲಿಟ್ಟು ನಿಂತಳು. ಮೂವತ್ತು ವರ್ಷದಿಂದ ಹೆರಿಗೆ ಮಾಡಿಸುವ ನರ್ಸು ಅವಳು. ಅವಳು ಹಾಗೆ ನಿಂತರೆ ಡಾಕ್ಟರುಗಳೂ ಬಾಯಿ ಮುಚ್ಚಿಕೊಳ್ಳುತ್ತಾರೆ.

"ಕೇಳು," ಅಂದಳು.

ಮೇಸ್ತ್ರಿ ಕಿವಿಗೊಟ್ಟ. ಡೀಸೆಲ್ ಎಂಜಿನ್ನಿನ ಗಡಗಡ ಕೇಳಿಸಿತು. ಸೈಲೆನ್ಸರಿನ ಸಡಿಲ ತಗಡು ಬಡಿದುಕೊಳ್ಳುವುದು ಕೇಳಿಸಿತು. ಅಷ್ಟೇ.

"ಏನು ಕೇಳೋದು?"

"ಹಕ್ಕಿ ಕಣೋ. ಬಾನೆಟ್ ಒಳಗೆ ಹಕ್ಕಿಮರಿ ಕೂತಿರೋ ಹಾಗೆ ಚಿವ್ ಚಿವ್ ಅಂತಿದೆ. ಹೊಸ ಬೆಲ್ಟ್ ಹಾಕಿದ ಮೇಲೆ ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ಈಗಲೂ ಕೂಗ್ತಿದೆ. ಇಲ್ಲ ಅಂತ ಮಾತ್ರ ಹೇಳಬೇಡ."

ಇಲ್ಲ ಎನ್ನಲಿಕ್ಕೇ ಅವನು ಬಾಯಿ ತೆರೆದಿದ್ದ. ಆದರೆ ಎದುರಿನ ಬೆಂಚಿನಲ್ಲಿ ಹೆಡ್‌ಲೈಟಿನ ವೈರು ಸುಲಿಯುತ್ತಿದ್ದ ಎಲೆಕ್ಟ್ರಿಷಿಯನ್ ಕಾರಿನ ಕಡೆ ತಿರುಗಿ, ಹಲ್ಲಿಗೆ ಐಸು ತಗುಲಿದವನಂತೆ ಮುಖ ಸಿಂಡರಿಸಿದ. ಶೆಡ್ಡಿಗೆ ಅರ್ಧ ಬಾಡಿಗೆ ಕೊಟ್ಟುಕೊಂಡು ಹನ್ನೆರಡು ವರ್ಷದಿಂದ ಜೊತೆಗಿರುವ ಆ ಮನುಷ್ಯನನ್ನು ಎಲ್ಲರೂ ಕರೆಯುವುದು ವೈರಣ್ಣ ಎಂದು. ವೈರಣ್ಣನ ಮುಖ ಸುಳ್ಳು ಹೇಳುವ ಮುಖವಲ್ಲ. ಸದ್ದು ಇತ್ತು. ಇದ್ದದ್ದು ಎಲ್ಲರಿಗೂ ಕೇಳುತ್ತಿತ್ತು, ಮೇಸ್ತ್ರಿಯೊಬ್ಬನನ್ನು ಬಿಟ್ಟು.

ಊರು ಅವನಿಗೆ ಇಟ್ಟ ಹೆಸರೇ ಕಿವಿ ಮೇಸ್ತ್ರಿ. ಗಾಡಿ ಬೀದಿಯ ತಿರುವಿನಲ್ಲಿ ಇರುವಾಗಲೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದವನು. ಅಳತೆ ಪಟ್ಟಿ ಹಿಡಿದು ಕೆಲಸ ಮಾಡುವ ಮೆಕ್ಯಾನಿಕ್ಕುಗಳನ್ನು ಕಂಡರೆ, "ಬಟ್ಟೆ ಹೊಲಿಯೋ ಅಂಗಡಿ ಆಚೆ ಬೀದೀಲಿದೆ" ಎಂದು ಗೇಲಿ ಮಾಡುತ್ತಿದ್ದವನು. ಆರು ತಿಂಗಳಿಂದ ಈಚೆಗೆ ಒಂದು ಮಟ್ಟಕ್ಕಿಂತ ಕೀರಲಾದ ಸದ್ದುಗಳು ಅವನ ಪಾಲಿಗೆ ಇಲ್ಲವಾಗಿದ್ದವು. ಮಾತು ಕೇಳುತ್ತಿತ್ತು. ಸುತ್ತಿಗೆ ಕೇಳುತ್ತಿತ್ತು. ಸಣ್ಣಗೆ, ಚೂಪಾಗಿ ಬರುವುದು ಯಾವುದೂ ಕೇಳುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವ ಬದಲು ಎಲ್ಲರ ಮೇಲೂ ರೇಗುತ್ತಿದ್ದ.

ಅಂದು ಬೆಳಿಗ್ಗೆ ಮನೆಯಲ್ಲೂ ಅದೇ ಆಗಿತ್ತು. "ರೀ, ಮೆಷಿನ್ನು ಹತ್ತು ನಿಮಿಷದಿಂದ ಬಡ್ಕೊಳ್ತಿದೆ, ಪಕ್ಕದಲ್ಲೇ ಕೂತಿದ್ದೀರಿ, ಆಫ್ ಮಾಡೋಕಾಗಲ್ವಾ?" ಎಂದು ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಿದ್ದಳು. ಬಟ್ಟೆ ಒಗೆದು ಮುಗಿಸಿದ ಮೆಷಿನ್ ಪೀಂ ಪೀಂ ಎಂದು ಕೂಗಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅದೇ ಉಸಿರಿನಲ್ಲಿ ಅವಳು ದಪ್ಪನೆಯ ಕಬ್ಬಿಣದ ಬಳೆಯೊಂದನ್ನು ಅವನ ಟೀ ಲೋಟದ ಪಕ್ಕ ಇಟ್ಟಳು. "ಇದೊಂದು. ಮೂರು ವಾರದ ಹಿಂದೆ ನಿಮ್ಮ ಶರ್ಟಿನ ಜೇಬಲ್ಲಿ ಸಿಕ್ತು. ಬೇಕಾ, ಬೇಡ್ವಾ?" ಅವನು ಅದರ ಕಡೆ ನೋಡಲೂ ಇಲ್ಲ. "ಬಿಸಾಕು," ಎಂದು ಎದ್ದು ಬಂದಿದ್ದ.

"ಏನು ಕನಸು ಕಾಣ್ತಿದ್ದೀಯಾ?" ಅಕ್ಕ ಕೇಳಿದಳು. "ಮೂರು ಗಂಟೆಗೆ ನಾನು ಗುಡ್ಡ ಹತ್ತಬೇಕು. ಮೇಲಿನ ಆಸ್ಪತ್ರೆ ನರ್ಸಿಗೆ ಜ್ವರ. ದಿನ ತುಂಬಿದವರು ಇಬ್ಬರು ಕೂತಿದ್ದಾರೆ. ಬಸ್ಸು ಬೆಳಿಗ್ಗೆ ಒಂದೇ, ಅದು ಹೋಗಾಯ್ತು. ಇಪ್ಪತ್ತೆಂಟು ತಿರುವಿದೆ, ಗೊತ್ತಲ್ಲ?"

ಗೊತ್ತಿತ್ತು. ಈ ಕಾರಿನಲ್ಲಿ ಒಂದೇ ಬೆಲ್ಟು, ಎಂಜಿನ್ನಿನಿಂದ ಶಕ್ತಿ ತೆಗೆದುಕೊಂಡು ಮೂರು ಪುಲ್ಲಿಗಳನ್ನು ತಿರುಗಿಸುತ್ತದೆ. ಒಂದು ನೀರಿನ ಪಂಪು, ಒಂದು ಸ್ಟೇರಿಂಗಿನ ಪಂಪು, ಒಂದು ಬ್ಯಾಟರಿಗೆ ಕರೆಂಟು ಕೊಡುವ ಡೈನಮೋ. ತಿರುವಿನ ಮಧ್ಯೆ ಆ ಬೆಲ್ಟು ಹಾರಿದರೆ ಸ್ಟೇರಿಂಗ್ ಕಲ್ಲಾಗುತ್ತದೆ. ಗುಡ್ಡದ ರಸ್ತೆಯಲ್ಲಿ ಒಂದು ಪಕ್ಕ ಬಂಡೆ. ಇನ್ನೊಂದು ಪಕ್ಕ ಏನೂ ಇಲ್ಲ.

"ನಿನ್ನ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳು. ದೊಡ್ಡ ರಸ್ತೆಯಲ್ಲಿ ಕಂಪ್ಯೂಟರ್ ಇಟ್ಟು ನೋಡೋರಿದ್ದಾರೆ."

"ಹೋಗು, ಹೋಗು. ಕಂಪ್ಯೂಟರ್‌ಗೆ ಕೈ ಇದೆಯಾ ಬೆಲ್ಟ್ ಹಾಕೋಕೆ?" ಮೇಸ್ತ್ರಿ ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದ. "ಒಂದೂವರೆಗೆ ಬಾ. ತಲೆ ಮೇಲೆ ನಿಂತ್ಕೋಬೇಡ."

ಅವಳು ಹೋದಳು. ಹೋಗುವಾಗ ಒಮ್ಮೆ ತಿರುಗಿ ಅವನನ್ನು ನೋಡಿದ ರೀತಿ ಅವನಿಗೆ ಹಿಡಿಸಲಿಲ್ಲ. ರೋಗಿಯ ನಾಲಗೆ ನೋಡಿದ ಹಾಗಿತ್ತು.

ಈ ಸದ್ದಿಗೆಂದು ಮೊದಲ ಸಲ ಬಂದಾಗ ಅವನು ಬೆಲ್ಟಿಗೆ ಏನೋ ಸ್ಪ್ರೇ ಹೊಡೆದು ಕಳಿಸಿದ್ದ. ಎರಡನೇ ಸಲ ಹೊಸ ಬೆಲ್ಟು ಹಾಕಿ, ಇನ್ನು ಕೂಗಲಿ ನೋಡುತ್ತೇನೆ ಎಂದು ತಂತಿ ಎಳೆದ ಹಾಗೆ ಬಿಗಿದಿದ್ದ. ಎರಡು ಸಲವೂ ಕುರುಡು ಕೆಲಸ. ಕೇಳದ ಸದ್ದಿಗೆ ಮದ್ದು.

ಈಗ ಎಂಜಿನ್ ನಿಲ್ಲಿಸಿ ಟಾರ್ಚು ಹಿಡಿದು ಬಗ್ಗಿದ. ಹೆಬ್ಬೆಟ್ಟಿನಿಂದ ಬೆಲ್ಟನ್ನು ಒತ್ತಿದ. ಒಂದಿಷ್ಟಾದರೂ ತಗ್ಗಬೇಕಿತ್ತು, ತಗ್ಗಲಿಲ್ಲ. ಅತಿಯಾಗಿ ಬಿಗಿದಿದ್ದೇನೆ ಎಂದು ಅವನಿಗೇ ನಾಚಿಕೆಯಾಯಿತು. ಬೋಲ್ಟು ಸಡಿಲಿಸಿ, ಬೆಲ್ಟು ಬಿಚ್ಚಿ, ಬೆಳಕಿಗೆ ತಂದು ಹಿಂದುಮುಂದು ತಿರುಗಿಸಿ ನೋಡಿದ. ಒಳಮೈಯ ಗೆರೆಗಳಲ್ಲಿ ಬಿರುಕಿಲ್ಲ. ಎಣ್ಣೆ ಬಿದ್ದಿಲ್ಲ. ಆದರೆ ಒಂದು ಅಂಚಿನಲ್ಲಿ, ಒಂದೇ ಅಂಚಿನಲ್ಲಿ, ನೂಲು ಎದ್ದು ಮೀಸೆ ಬಂದಿತ್ತು. ಹತ್ತು ದಿನದ ಬೆಲ್ಟಿಗೆ ಮೀಸೆ ಬರುವ ವಯಸ್ಸಲ್ಲ. ಪುಲ್ಲಿಯ ಹಿಂದೆ ಬೆರಳಾಡಿಸಿದ. ಕರೀ ರಬ್ಬರಿನ ಹುಡಿ ಅಂಟಿತು.

ನೋಡುವ ಕೆಲಸ ಮುಗಿಯಿತು. ಇನ್ನು ಕೇಳುವ ಕೆಲಸ.

ಬೆಲ್ಟನ್ನು ಮತ್ತೆ ಹಾಕಿ, ಈ ಸಲ ಹದವಾಗಿ ಬಿಗಿದು, ಎಂಜಿನ್ ಚಾಲೂ ಮಾಡಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನೀರಿನ ಪಂಪಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡ. ಕಬ್ಬಿಣದಲ್ಲಿ ಹಾದು ಮೂಳೆಗೆ ಬರುವ ಸದ್ದು ಅವನಿಗೆ ಇನ್ನೂ ಕೇಳುತ್ತಿತ್ತು. ಕೇಳಿದ್ದೇನು? ಮರಳು ಅರೆದಂಥ ಸಣ್ಣ ಗೊರಗೊರ. ಹಳೆಯದಲ್ಲ, ಹೊಸತು. ಬಿಗಿದ ಬೆಲ್ಟು ಎಳೆದೆಳೆದು ಬೇರಿಂಗಿಗೆ ಏಟು ಕೊಟ್ಟಿತ್ತು. ಅದು ಅವನದೇ ಕೈಯ ಕೆಲಸ.

ಅವನು ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಎಸೆದ. ಶೆಡ್ಡಿನ ಒಳಗೂ ಹೊರಗೂ ನಾಲ್ಕು ಸಲ ಓಡಾಡಿದ. ವ್ಯಾನಿನ ಬಾಗಿಲನ್ನು ಕಾರಣವಿಲ್ಲದೆ ತೆರೆದು ಮುಚ್ಚಿದ.

"ಏನಣ್ಣ, ಕಾಲಿಗೆ ಇರುವೆ ಹತ್ತಿದೆಯಾ?" ವೈರಣ್ಣ ಕೇಳಿದ.

"ನಿನ್ನ ಕೆಲಸ ನೋಡ್ಕೋ."

ಬೆಲ್ಟು ಯಾಕೆ ಕೂಗುತ್ತದೆ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ತಿರುಗುತ್ತಿರುವ ಬೆಲ್ಟಿನ ಒಳಮೈಗೆ ಚೂರು ನೀರು ಚಿಮುಕಿಸುವುದು. ಸದ್ದು ಜೋರಾದರೆ ಬೆಲ್ಟು ಸಡಿಲ, ಜಾರುತ್ತಿದೆ ಎಂದರ್ಥ. ಸದ್ದು ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿ ನಿಂತಿದೆ ಎಂದರ್ಥ. ಚಿಕ್ಕ ಮಗುವೂ ಮಾಡಬಹುದು, ಕಿವಿ ಇದ್ದರೆ ಸಾಕು.

ಮೇಸ್ತ್ರಿ ಗಾಜು ಒರೆಸುವ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದು, ಬೆಲ್ಟಿನ ಬದಲು ವೈರಣ್ಣನ ಮುಖ ನೋಡುತ್ತ ಚಿಮುಕಿಸಿದ. ಆ ಮುಖವನ್ನೇ ಮೀಟರಿನ ಮುಳ್ಳಿನ ಹಾಗೆ ಓದಿಕೊಂಡರಾಯಿತು ಎಂದು ಅವನ ಲೆಕ್ಕ. ಸರಿಯಾಗಿ ಅದೇ ಹೊತ್ತಿಗೆ ವೈರಣ್ಣ ಬಗ್ಗಿ ಬಿದ್ದ ಸ್ಕ್ರೂ ಹುಡುಕತೊಡಗಿದ. ಎರಡನೇ ಸಲ ಚಿಮುಕಿಸಿದಾಗ ಆಕಳಿಸಿದ. ಮೂರನೇ ಸಲಕ್ಕೆ ನೇರವಾಗಿ ಕೇಳಿದ, "ನನ್ನ ಮುಖದಲ್ಲಿ ಏನಾದ್ರೂ ಅಂಟಿದೆಯಾ ಅಣ್ಣ?"

"ಮುಖವೇ ಅಂಟಿದೆ, ಸಾಲದಾ?"

"ಚೆನ್ನಾಗಿದೆ ಬಿಡಿ," ಎಂದು ವೈರಣ್ಣ ಹೆಡ್‌ಲೈಟು ಎತ್ತಿಕೊಂಡು ಒಳಗೆ ಹೋದ.

ಒಂದೂವರೆಗೆ ಹೇಳಿದ್ದರೆ ಅಕ್ಕ ಒಂದಕ್ಕೇ ಬಂದಳು. ಎಂಜಿನ್ ಓಡುತ್ತಿತ್ತು, ಮೇಸ್ತ್ರಿ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಅವಳು ಎಂಜಿನ್ ನಿಲ್ಲಿಸಿದಳು. ಅವನು ತಲೆ ಎತ್ತುವುದರೊಳಗೆ ಅವನ ಬೆನ್ನ ಹಿಂದೆ ಬಂದು, ಚೀಲದಿಂದ ಏನೋ ತೆಗೆದು, ಅವನ ಬಲಗಿವಿಗೆ ಒಂದು ಗೇಣು ದೂರದಲ್ಲಿ ಹಿಡಿದು ನಿಂತಳು. ಮೇಸ್ತ್ರಿ ಸುಮ್ಮನೆ ಕೈ ಒರೆಸಿಕೊಳ್ಳುತ್ತಿದ್ದ. ಒಳಗಿನಿಂದ ವೈರಣ್ಣ ಕೇಳಿದ, "ಅದೇನಕ್ಕಾ ಪೀಂ ಪೀಂ ಅಂತಿರೋದು?"

ಮೇಸ್ತ್ರಿ ಗಕ್ಕನೆ ತಿರುಗಿದ. ಅಕ್ಕನ ಕೈಯಲ್ಲಿ ಜ್ವರ ನೋಡುವ ಬ್ಯಾಟರಿ ಕಡ್ಡಿ.

"ಎಷ್ಟು ದಿನ ಆಯ್ತು?" ಅಂದಳು, ಮೆಲ್ಲಗೆ.

"ಏನು ಎಷ್ಟು ದಿನ?"

"ನಾಟಕ ಬೇಡ. ಪಕ್ಕದ ಕೋಣೇಲಿದ್ದವನಿಗೆ ಕೇಳಿಸ್ತು, ನಿನಗೆ ಕೇಳಿಸಲಿಲ್ಲ."

ಅವನ ಮುಖಕ್ಕೆ ರಕ್ತ ನುಗ್ಗಿತು. ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಡಿದು ರಸ್ತೆಗೆ ನಡೆದ. ಎದುರಿನ ಟೈರ್ ಅಂಗಡಿಯವರೆಗೆ ಹೋದ, ಅಲ್ಲಿ ಏನೂ ಕೆಲಸವಿರಲಿಲ್ಲ, ವಾಪಸ್ಸು ಬಂದ. ಅಕ್ಕ ನಿಂತಲ್ಲೇ ನಿಂತಿದ್ದಳು. ಚಿಕ್ಕಂದಿನಲ್ಲೂ ಹಾಗೆಯೇ. ಅವನು ಮುನಿಸಿಕೊಂಡು ಮನೆ ಬಿಟ್ಟು ಹೊರಟರೆ ಅವಳು ಕರೆಯುತ್ತಿರಲಿಲ್ಲ, ಬಾಗಿಲನ್ನೂ ಹಾಕುತ್ತಿರಲಿಲ್ಲ.

"ಕಿವಿ ಮೇಸ್ತ್ರಿ ಕಿವುಡ ಆದ ಅಂತ ಊರೆಲ್ಲ ನಗಬೇಕಾ?" ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಈ ಕಿವಿ ನಂಬಿ ಗಾಡಿ ಬರ್ತಿತ್ತು. ನನಗೆ ಬೇರೆ ಏನು ಬರುತ್ತೆ?"

"ನಾನು ಹದಿನಾಲ್ಕನೇ ತಿರುವಲ್ಲಿ ಕೆಳಗೆ ಹೋದರೆ ಊರು ನಗಲ್ಲ, ಅಳುತ್ತೆ. ಅದು ಪರವಾಗಿಲ್ವಾ?"

ಗೋಡೆಯ ಗಡಿಯಾರ ಒಂದು ಹತ್ತು ತೋರಿಸುತ್ತಿತ್ತು. ಅವನು ನೆಲದಿಂದ ಬಟ್ಟೆ ಎತ್ತಿಕೊಂಡ, ಝಾಡಿಸಿದ, ಹೆಗಲಿಗೆ ಹಾಕಿಕೊಂಡ.

"ಎಂಜಿನ್ ಚಾಲೂ ಮಾಡು," ಅಂದ. "ನಾನು ನೀರು ಹೊಡೀತೀನಿ. ನೀನು ಕೇಳು. ಜೋರಾಯ್ತಾ, ನಿಂತೋಯ್ತಾ, ಅಷ್ಟೇ ಹೇಳು. ಬೇರೆ ಬುದ್ಧಿವಾದ ಬೇಡ."

ಅಕ್ಕ ಚಾಲೂ ಮಾಡಿ ಬಂದು ಪಕ್ಕದಲ್ಲಿ ಬಗ್ಗಿದಳು. ಮೇಸ್ತ್ರಿ ನೀರು ಚಿಮುಕಿಸಿದ.

"ನಿಂತಿತು," ಅಂದಳು. ಅವನು ಉಸಿರು ಹಿಡಿದ. ಬೆಲ್ಟು ಓಡುತ್ತಿತ್ತು. "ಇನ್ನೂ ಇಲ್ಲ. ಇಲ್ಲ. ಹಾಂ, ಮತ್ತೆ ಬಂತು. ಚಿವ್ ಚಿವ್."

"ಇನ್ನೊಂದ್ಸಲ."

ಇನ್ನೊಂದು ಸಲವೂ ಅದೇ. ಅವನಿಗೆ ಬಂದದ್ದು ನಗುವೋ ಸಿಟ್ಟೋ ಗೊತ್ತಾಗಲಿಲ್ಲ. ಎಂಜಿನ್ ನಿಲ್ಲಿಸಿ ಒಳಗೆ ಹೋದವನು ವೈರಣ್ಣನ ಮುಂದೆ ಕೈ ಚಾಚಿದ.

"ಆ ನಿನ್ನ ಉಕ್ಕಿನ ಪಟ್ಟಿ ಕೊಡು."

ವೈರಣ್ಣ ಪಟ್ಟಿಯನ್ನೂ ನೋಡಿದ, ಮೇಸ್ತ್ರಿಯನ್ನೂ ನೋಡಿದ. "ಬಟ್ಟೆ ಹೊಲಿಯೋ ಅಂಗಡಿ ಆಚೆ ಬೀದೀಲಿದೆ ಅಣ್ಣ."

"ಕೊಡೋ ಮಾರಾಯ."

ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಅಡ್ಡ ಇಟ್ಟ. ಎಂಜಿನ್ ಪುಲ್ಲಿಗೆ ಕೂತಿತು. ನೀರಿನ ಪಂಪಿಗೆ, ಸ್ಟೇರಿಂಗಿನ ಪಂಪಿಗೆ ಕೂತಿತು. ಡೈನಮೋದ ಪುಲ್ಲಿಯ ಹತ್ತಿರ ಪಟ್ಟಿಗೂ ಪುಲ್ಲಿಗೂ ನಡುವೆ ಬೆಳಕು ಕಂಡಿತು. ಹೆಚ್ಚಲ್ಲ, ಎರಡು ನಾಣ್ಯ ಜೋಡಿಸಿಟ್ಟಷ್ಟು. ಡೈನಮೋ ಅಷ್ಟು ಹಿಂದಕ್ಕೆ ಕೂತಿತ್ತು. ಬೆಲ್ಟು ಪ್ರತಿ ಸುತ್ತಿನಲ್ಲೂ ಓರೆಯಾಗಿ ಹತ್ತಿ ಇಳಿಯುತ್ತಿತ್ತು, ಹತ್ತುವಾಗಲೆಲ್ಲ ಕೂಗುತ್ತಿತ್ತು.

ಮೇಸ್ತ್ರಿ ಪಟ್ಟಿ ಹಿಡಿದುಕೊಂಡೇ ಕಲ್ಲಿನ ಹಾಗೆ ನಿಂತ. ಮೂರು ವಾರದ ಹಿಂದೆ ಆ ಡೈನಮೋ ಬಿಚ್ಚಿ ಬೇರಿಂಗ್ ಹಾಕಿದವನು ಅವನೇ.

ಬಿಚ್ಚಿದ ಚಿಕ್ಕ ಸಾಮಾನನ್ನು ಬೇರೆಯವರು ಡಬ್ಬಿಯಲ್ಲಿ ಹಾಕಿಡುತ್ತಾರೆ. ಮೇಸ್ತ್ರಿ ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟ ಕ್ರಮ ಅದು. ಬಿಚ್ಚಿದ್ದು ಮೈಮೇಲಿರಬೇಕು. ಸಂಜೆ ಮನೆಗೆ ಹೋಗುವ ಮುಂಚೆ ಜೇಬನ್ನು ಬೆಂಚಿನ ಮೇಲೆ ಖಾಲಿ ಮಾಡಬೇಕು. ಏನಾದರೂ ಉಳಿದಿದ್ದರೆ ಆ ದಿನದ ಕೆಲಸ ಮುಗಿದಿಲ್ಲ. ಮೂವತ್ತೈದು ವರ್ಷದಲ್ಲಿ ಅವನು ಜೇಬು ಖಾಲಿ ಮಾಡದೆ ಮನೆಗೆ ಹೋದದ್ದು ಒಂದೇ ದಿನ. ಅದು ಇದೇ ಡೈನಮೋ ಕೂರಿಸಿದ ದಿನ. ಕೊನೆಯ ಬೋಲ್ಟು ಬಿಗಿಯುತ್ತಿದ್ದಾಗ ವೈರಣ್ಣ, "ನಿಮ್ಮ ಫೋನು ಆಗಲಿಂದ ಹೊಡ್ಕೊಳ್ತಿದೆ, ಕಿವಿ ಮೇಸ್ತ್ರಿಗಳಿಗೆ ಕೇಳ್ಸಲ್ವಾ?" ಅಂದಿದ್ದ. ತಮಾಷೆಗೆ ಅಂದದ್ದು. ಮೇಸ್ತ್ರಿ ಕೆಂಡವಾಗಿ, ಬಾಯಿಗೆ ಬಂದಂತೆ ಬೈದು, ಪಾನಾ ಎಸೆದು ಮನೆಗೆ ಹೋಗಿದ್ದ.

ಡೈನಮೋಗೂ ಅದನ್ನು ಹಿಡಿಯುವ ಕಬ್ಬಿಣಕ್ಕೂ ನಡುವೆ ಒಂದು ದಪ್ಪ ವಾಷರ್ ಕೂರಬೇಕು. ದಪ್ಪನೆಯ ಕಬ್ಬಿಣದ ಬಳೆ.

ಅವನು ಫೋನು ತೆಗೆದ. ಮನೆಗೆ ಹಚ್ಚಿದ.

"ಬೆಳಿಗ್ಗೆ ಟೀ ಲೋಟದ ಹತ್ತಿರ ಇಟ್ಟೆಯಲ್ಲ, ಅದೆಲ್ಲಿ?"

"ಬಿಸಾಕು ಅಂದ್ರಲ್ಲ," ಎಂದಳು ಹೆಂಡತಿ.

"ಬಿಸಾಕಿಬಿಟ್ಯಾ?"

"ನೀವು ಹೇಳಿದ್ದೆಲ್ಲ ಮಾಡ್ತಾ ಹೋಗಿದ್ರೆ ಈ ಮನೆ ಇಷ್ಟು ದಿನ ನಿಂತಿರ್ತಿತ್ತಾ? ಮೆಷಿನ್ನು ಅಲ್ಲಾಡ್ತಿತ್ತು, ಅದರ ಕಾಲ ಕೆಳಗೆ ಕೊಟ್ಟಿದ್ದೀನಿ. ಈಗ ಕುಣಿಯೋದು ನಿಂತಿದೆ."

"ತಗೊಂಡು ಬಾ."

"ಮೆಷಿನ್ ಕಾಲಿಗೆ?"

"ನನ್ನ ತಲೆ ಕೊಡ್ತೀನಿ. ಸ್ಕೂಟರಲ್ಲಿ ಬಾ, ಬೇಗ."

ಅವಳು ಬರುವವರೆಗಿನ ಇಪ್ಪತ್ತು ನಿಮಿಷ ಅವನು ಕೂರಲಿಲ್ಲ. ಡೈನಮೋ ಸಡಿಲಿಸಿದ. ಗೇಟಿಗೆ ಹೋಗಿ ನೋಡಿದ. ಹಳೆಯ ವಾಷರುಗಳ ಡಬ್ಬಿ ಸುರಿದು ಹುಡುಕಿದ, ಅಷ್ಟು ದಪ್ಪದ್ದು ಒಂದೂ ಇರಲಿಲ್ಲ. ಬೆಲ್ಟಿಲ್ಲದ ಪಂಪಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದ. ಒರಟು ತಗುಲಿತು, ಆದರೆ ಅಲುಗಾಟವಿರಲಿಲ್ಲ, ನೀರೂ ಸೋರುತ್ತಿರಲಿಲ್ಲ. ಮತ್ತೆ ಗೇಟಿಗೆ ಹೋದ.

ಹೆಂಡತಿ ಹೆಲ್ಮೆಟ್ಟು ತೆಗೆಯದೆಯೇ ವಾಷರನ್ನು ಅವನ ಅಂಗೈಗೆ ಹಾಕಿದಳು. ಸೋಪಿನ ನೀರಲ್ಲಿ ಅದು ಫಳಫಳ ಎನ್ನುತ್ತಿತ್ತು. "ಏನತ್ತಿಗೆ, ಇವರ ಮುಖ ಯಾಕೆ ಹೀಗಿದೆ?" ಎಂದು ಅಕ್ಕನನ್ನು ಕೇಳಿದಳು.

"ಆಮೇಲೆ ಅವನೇ ಹೇಳ್ತಾನೆ," ಎಂದಳು ಅಕ್ಕ. ಹೆಂಡತಿ ಗಂಡನ ಮುಖವನ್ನು ಒಂದು ಕ್ಷಣ ನೋಡಿ, "ಮೆಷಿನ್ ವಿಷಯಾನಾ?" ಎಂದಳು. ಮೇಸ್ತ್ರಿ ಆಗಲೇ ಬಾನೆಟ್ಟಿನೊಳಗೆ ಬಗ್ಗಿದ್ದ.

ವಾಷರ್ ಕೂತಿತು. ಬೋಲ್ಟು ಹಿಡಿಯಿತು. ಪಟ್ಟಿ ಇಟ್ಟರೆ ಬೆಳಕಿಲ್ಲ. ಶೆಡ್ಡಿನಲ್ಲಿದ್ದ ಇನ್ನೊಂದು ಹೊಸ ಬೆಲ್ಟು ಹಾಕಿ, ಹೆಬ್ಬೆಟ್ಟಿಗೆ ಹದ ನೋಡಿ ಬಿಗಿದ. ಎಂಜಿನ್ ಚಾಲೂ ಆಯಿತು. ಅವನು ಎಂಜಿನ್ನಿನ ಕಡೆ ನೋಡಲಿಲ್ಲ. ಮೂರು ಜನರ ಮುಖ ನೋಡಿದ.

"ಇಲ್ಲ," ಎಂದಳು ಅಕ್ಕ.

"ಇಲ್ಲ ರೀ."

"ಹಕ್ಕಿ ಹಾರೋಯ್ತು ಅಣ್ಣ," ಎಂದ ವೈರಣ್ಣ.

ಎರಡೂ ಮುಕ್ಕಾಲು. ಅಕ್ಕ ಬೀಗದ ಕೈಗೆ ಕೈ ಚಾಚಿದಳು. ಮೇಸ್ತ್ರಿ ಕೊಡಲಿಲ್ಲ.

"ಇನ್ನೊಂದು ಮಾತಿದೆ," ಅಂದ. ಹೇಳದೆ ಇರಬಹುದಿತ್ತು. ಸದ್ದು ನಿಂತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಕೇಳದೇ ಇದ್ದಿದ್ದಕ್ಕೆ ಹೋದ ಸಲ ಬೆಲ್ಟನ್ನ ಸಿಕ್ಕಾಪಟ್ಟೆ ಬಿಗಿದೆ. ನೀರಿನ ಪಂಪಿನ ಬೇರಿಂಗ್ ಕೆಡಿಸಿದ್ದೀನಿ. ನನ್ನ ಲೆಕ್ಕದಲ್ಲಿ ಇನ್ನೊಂದು ವಾರ ತಡಿಯುತ್ತೆ. ಆದರೆ ನನ್ನ ಲೆಕ್ಕ ಈಚೆಗೆ ಹೇಗಿದೆ ಅಂತ ನೋಡಿದ್ಯಲ್ಲ. ಒಬ್ಬಳನ್ನೇ ಕಳಿಸಲ್ಲ. ನಾನೂ ಬರ್ತೀನಿ."

ಅಕ್ಕ ಅವನ ಶರ್ಟಿನ ಕಾಲರು ಸರಿ ಮಾಡಿದಳು, ಶಾಲೆಗೆ ಕಳಿಸುವಾಗ ಮಾಡುತ್ತಿದ್ದ ಹಾಗೆ. "ಹತ್ತು," ಅಂದಳು.

ಸಾಮಾನಿನ ಪೆಟ್ಟಿಗೆ, ಎರಡು ಕ್ಯಾನು ನೀರು, ಉದ್ದ ಸ್ಕ್ರೂಡ್ರೈವರು ಹಿಂದಿನ ಸೀಟಿಗೆ ಬಿದ್ದವು. ಅಕ್ಕ ಓಡಿಸಿದಳು. ಅವನ ಕಣ್ಣು ಬಿಸಿ ತೋರಿಸುವ ಮುಳ್ಳನ್ನು ಬಿಟ್ಟು ಕದಲಲಿಲ್ಲ. ಪ್ರತಿ ತಿರುವಿಗೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಏನಾದ್ರೂ ಕೇಳಿಸ್ತಾ?" ಎಂದು ಆರನೇ ತಿರುವಿನಲ್ಲಿ ಕೇಳಿದ, ಒಂಬತ್ತರಲ್ಲಿ ಕೇಳಿದ. ಹದಿನಾಲ್ಕರಲ್ಲಿ ಅವನು ಬಾಯಿ ತೆರೆಯುವ ಮುಂಚೆಯೇ ಅವಳು, "ಇಲ್ಲ ಅಂದ್ನಲ್ಲ, ಬಾಯ್ಮುಚ್ಕೊಂಡು ಕೂತ್ಕೋ," ಎಂದಳು. ಆಮೇಲೂ ಎರಡು ಸಲ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ, ಪಂಪಿಗೆ ಸ್ಕ್ರೂಡ್ರೈವರು ಊರಿ ಮೂಳೆಗೆ ಒತ್ತಿಕೊಂಡ. ಗೊರಗೊರ ಅಷ್ಟೇ ಇತ್ತು, ಹೆಚ್ಚಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆಯ ಅಂಗಳ ಸಿಕ್ಕಿತು. ಅಕ್ಕ ಚೀಲ ಎತ್ತಿಕೊಂಡು ತಿರುಗಿಯೂ ನೋಡದೆ ಒಳಗೆ ಹೋದಳು.

ಮೇಸ್ತ್ರಿ ಅಂಗಳದಲ್ಲಿ ಓಡಾಡಿದ. ಬಾನೆಟ್ ತೆರೆದ, ಮುಚ್ಚಿದ. ಬಿಸಿಲು ಇಳಿಯತೊಡಗಿದಾಗ ಮೆಟ್ಟಿಲ ಮೇಲೆ ಕೂತು, ರೂಢಿಯಂತೆ ಜೇಬನ್ನು ಪಕ್ಕದ ಕಲ್ಲಿನ ಮೇಲೆ ಖಾಲಿ ಮಾಡಿದ. ಒಂದು ಮೋಟು ಪೆನ್ಸಿಲು, ಸುಟ್ಟ ಫ್ಯೂಸು, ಮತ್ತೆ ಅವನದಲ್ಲದ ಒಂದು ಚೀಟಿ. ಬಿಡಿಸಿದ. ಕಿವಿ ಡಾಕ್ಟರರ ಕೋಣೆಯ ನಂಬರು, ಗುರುವಾರ, ಹತ್ತು ಗಂಟೆ. ಅಕ್ಕನ ಅಕ್ಷರ. ಕಾಲರು ಸರಿ ಮಾಡುವ ನೆಪದಲ್ಲಿ ಹಾಕಿದ್ದಾಳೆ.

ಅವನು ಅದನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಎದ್ದ. ಅಂಗಳದ ತುದಿಯವರೆಗೆ ಹೋಗಿ ಕೆಳಗೆ ನೋಡಿದ. ಹತ್ತಿ ಬಂದ ರಸ್ತೆ ತಿರುವು ತಿರುವಾಗಿ ಕಾಣುತ್ತಿತ್ತು. ವಾಪಸ್ಸು ಬಂದು, ಮೊಣಕಾಲ ಮೇಲೆ ಚೀಟಿಯ ಸುಕ್ಕು ತೀಡಿ, ನಾಲ್ಕು ಮಡಿಕೆ ಮಾಡಿ, ಅದೇ ಜೇಬಿಗೆ ಹಾಕಿದ. ಆಮೇಲೆ ಮನೆಗೆ ಫೋನು ಮಾಡಿದ.

"ನಾಳೆ ಈ ಶರ್ಟು ಒಗೀಬೇಡ."

"ಯಾಕೆ?"

"ಜೇಬಲ್ಲಿ ಕೆಲಸ ಉಳಿದಿದೆ."